ಒಂಬತ್ತನೆಯ ಹುಡುಗಿ

ಖೋಖೋ ಆಡಲು ಒಂಬತ್ತು ಮಂದಿ ಬೇಕು. ಎಂಟು ಮಂದಿ ಒಬ್ಬಳು ಆ ಕಡೆ, ಒಬ್ಬಳು ಈ ಕಡೆ ಮುಖ ಮಾಡಿ ಸಾಲಾಗಿ ಕೂರುತ್ತಾರೆ, ಒಂಬತ್ತನೆಯವಳು ಬೆನ್ನಟ್ಟುತ್ತಾಳೆ. ಎಂಟೇ ಮಂದಿ ಬಂದರೆ ತಂಡವನ್ನು ಅಂಕಣಕ್ಕೆ ಇಳಿಸುವ ಹಾಗಿಲ್ಲ. ದೊಡ್ಡ ಶಾಲೆಯ ಪಿಟಿ ಮಾಸ್ತರರಿಗೆ ಇದು ತಲೆಗೆ ಹೊಳೆಯುವ ಸಂಗತಿಯೇ ಅಲ್ಲ. ಅಲ್ಲಿ ಹೆಸರು ಕೊಟ್ಟವರೇ ಮೂವತ್ತು ನಲವತ್ತು ಇರುತ್ತಾರೆ, ಯಾರನ್ನು ಬಿಡಬೇಕು ಅನ್ನುವುದೇ ಚಿಂತೆ. ನಾನು ಹೇಳಹೊರಟ ಶಾಲೆಯಲ್ಲಿ ಚಿಂತೆ ಇದಕ್ಕೆ ತಿರುವುಮುರುವು.

ಹಾವೇರಿ ತಾಲೂಕಿನಲ್ಲಿ ನಮ್ಮ ಹೊಲ ಇರುವ ಊರಿನ ಸರಕಾರಿ ಪ್ರೌಢಶಾಲೆ ಅದು. ಎಂಟು, ಒಂಬತ್ತು, ಹತ್ತು ಮೂರೂ ತರಗತಿ ಸೇರಿ ಮಕ್ಕಳು ನೂರರ ಒಳಗೇ. ಹುಡುಗಿಯರು ನಲವತ್ತರ ಮೇಲೆ ನಾಲ್ಕೋ ಐದೋ. ಇದರಲ್ಲಿ ಕಳೆಯುತ್ತ ಬನ್ನಿ. ಹತ್ತನೇತ್ತೆಯವರಲ್ಲಿ ಹಲವರನ್ನು ‘ಇನ್ನ ಆಟ ಸಾಕು’ ಅಂತ ಮನೆಯವರೇ ತಡೆಯುತ್ತಾರೆ. ‘ವಯಸ್ಸಿಗೆ ಬಂದ ಹುಡುಗಿ, ಊರ ಬಿಟ್ಟು ಕಳಿಸಂಗಿಲ್ಲ’ ಅನ್ನುವ ಮನೆಗಳು ಒಂದಷ್ಟು. ಓಡಲು ಮನಸ್ಸಿಲ್ಲದವರು ಒಂದಷ್ಟು. ಹತ್ತಿರದ ಹಳ್ಳಿಯಿಂದ ಬರುವವರಿಗೆ ಸಂಜೆಯ ಬಸ್ಸು ತಪ್ಪಬಾರದು. ಕೊನೆಗೆ ಉಳಿಯುವುದು ಹತ್ತೋ ಹನ್ನೊಂದೋ. ಶ್ರಾವಣ ಬಂದು ಹೊಲದ ಕೆಲಸ ಬಿಗಿಯಾದಾಗ ಆ ಸಂಖ್ಯೆ ಒಂಬತ್ತಕ್ಕೆ ಬಂದು ನಿಲ್ಲುತ್ತದೆ. ಕೆಲವು ವರ್ಷ ಎಂಟಕ್ಕೆ.

ನನ್ನ ತಂಗಿ ಅಲ್ಲಿ ಹಿಂದಿ ಕಲಿಸುತ್ತಾಳೆ. ಖೋಖೋ ಕಲಿಸುವವಳೂ ಅವಳೇ, ಯಾಕೆಂದರೆ ಪಿಟಿ ಮಾಸ್ತರರ ಹುದ್ದೆ ಖಾಲಿ. ಸಣ್ಣ ಶಾಲೆಯಲ್ಲಿ ಎಲ್ಲರಿಗೂ ಎರಡೆರಡು ಹೆಸರು ಇರುತ್ತವೆ: ಪಿಸಿಎಂ ಸರ್ ಅಂದರೆ ಗಣಿತ ಮತ್ತು ಭೌತಶಾಸ್ತ್ರದ ಜೊತೆ ಸ್ಕಾಲರ್‌ಶಿಪ್ ಅರ್ಜಿ, ಸಿಬಿಝಡ್ ಮೇಡಂ ಅಂದರೆ ಜೀವಶಾಸ್ತ್ರದ ಜೊತೆ ಇಕೋ ಕ್ಲಬ್ಬು, ಕನ್ನಡದ ಸರ್ ಅಂದರೆ ನಾಟಕ, ಭಾಷಣ, ನಿರೂಪಣೆ ಮತ್ತು ಮೈಕ್ ರಿಪೇರಿ. ತಂಗಿ ಹೈಸ್ಕೂಲಿನಲ್ಲಿ ಖೋಖೋ ಆಡಿದ್ದಳು ಅನ್ನುವುದು ಹೇಗೋ ಬಯಲಾಗಿ ಸೀಟಿ ಅವಳ ಕೊರಳಿಗೆ ಬಿತ್ತು. ಹೊಲ ನೋಡಲು ನಾನು ಹುಬ್ಬಳ್ಳಿಯಿಂದ ಹೋದಾಗಲೆಲ್ಲ ನನ್ನ ಕೈಗೆ ಅಳತೆಯ ಟೇಪು ಬೀಳುತ್ತದೆ. ಇಪ್ಪತ್ತೇಳು ಮೀಟರ್ ಉದ್ದ, ಹದಿನಾರು ಮೀಟರ್ ಅಗಲ, ಎರಡು ತುದಿಗೆ ಕಂಬ. ನಮ್ಮದು ಎರಿ ಭೂಮಿ. ಮಳೆ ಬಂದರೆ ಒಂದೊಂದು ಕಾಲಿಗೂ ಸೇರುಗಟ್ಟಲೆ ಮಣ್ಣು ಮೆತ್ತಿಕೊಳ್ಳುತ್ತದೆ, ಬಿಸಿಲು ಬಿದ್ದರೆ ಪಾದ ಸಿಕ್ಕಿಕೊಳ್ಳುವಷ್ಟು ಬಿರುಕು ಬಿಡುತ್ತದೆ. ಊರಿನ ಟ್ರ್ಯಾಕ್ಟರಿನವರು ಒಮ್ಮೆ ಕೆಂಪು ಮಣ್ಣು ತಂದು ಸುರುವಿದ ಮೇಲೆ ಅಂಕಣ ಅನ್ನುವ ಹೆಸರು ಬಂತು. ಶಾಲೆಯ ಮುಂದೆ ಜೋಳದ ರಾಶಿ ಒಣಗಿಸುವವರನ್ನು ಅಲ್ಲಿಂದ ಎಬ್ಬಿಸುವುದು ಪ್ರತಿ ವರ್ಷದ ಬೇರೆಯದೇ ಸ್ಪರ್ಧೆ.

ಈಗ ಶ್ರಾವಣದ ವಿಷಯಕ್ಕೆ ಬರುತ್ತೇನೆ. ಹಾವೇರಿ ಜಿಲ್ಲೆ, ಅದರಲ್ಲೂ ರಾಣೆಬೆನ್ನೂರಿನ ಸುತ್ತಮುತ್ತ, ಬೀಜೋತ್ಪಾದನೆಗೆ ಹೆಸರಾದದ್ದು. ಹೈಬ್ರಿಡ್ ಹತ್ತಿಯ ಬೀಜ ಕಾರ್ಖಾನೆಯಲ್ಲಿ ಆಗುವುದಿಲ್ಲ, ಹೂವಿನಿಂದ ಹೂವಿಗೆ ಕೈಯಿಂದಲೇ ಆಗಬೇಕು. ಹೆಣ್ಣು ಸಾಲಿನ ಗಿಡಗಳಲ್ಲಿ ನಾಳೆ ಅರಳಲಿರುವ ಮೊಗ್ಗನ್ನು ಇವತ್ತು ಮಧ್ಯಾಹ್ನದ ಮೇಲೆ ಸೀಳಿ ಒಳಗಿನ ಕೇಸರ ತೆಗೆದುಹಾಕಬೇಕು. ಮರುದಿನ ಬೆಳಿಗ್ಗೆ ಗಂಡು ಸಾಲಿನ ಹೂವು ಕಿತ್ತು ತಂದು ಅದಕ್ಕೆ ಸವರಬೇಕು. ಇದಕ್ಕೆ ನಮ್ಮ ಕಡೆ ಕ್ರಾಸಿಂಗ್ ಅನ್ನುತ್ತಾರೆ. ಒಂದು ದಿನ ತಪ್ಪಿದರೆ ಆ ದಿನದ ಹೂವು ಹೋದಂತೆಯೇ, ಹಾಗಾಗಿ ಹಂಗಾಮು ಮುಗಿಯುವ ತನಕ ಹಬ್ಬವಿಲ್ಲ, ರವಿವಾರವಿಲ್ಲ. ಗಿಡದ ಎತ್ತರಕ್ಕೆ ಬಗ್ಗದೆ ನಿಲ್ಲುವವರು, ಬೆರಳು ಸಣ್ಣಗಿರುವವರು ಇದಕ್ಕೆ ಚಲೋ ಅನ್ನುವುದು ಬೀಜದ ಪ್ಲಾಟ್ ಮಾಡುವವರ ನಂಬಿಕೆ. ಅಂದರೆ ಹದಿಮೂರು, ಹದಿನಾಲ್ಕು, ಹದಿನೈದರ ಹುಡುಗಿಯರು. ವಲಯ ಮಟ್ಟದ ಕ್ರೀಡಾಕೂಟ ಬರುವುದೂ ಸರಿಯಾಗಿ ಅದೇ ಹೊತ್ತಿಗೆ.

ಕಾನೂನು ಏನು ಮಾಡುತ್ತದೆ ಅಂತ ಕೇಳಬಹುದು. 2009ರ ಶಿಕ್ಷಣ ಹಕ್ಕು ಕಾಯ್ದೆ ಇರುವುದು 6ರಿಂದ 14 ವರ್ಷದವರಿಗೆ. ಎಂಟನೇತ್ತೆ ದಾಟಿತೋ, ಅದರ ನೆರಳು ಮುಗಿಯಿತು. 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯ್ದೆ 14 ದಾಟಿದವರನ್ನು ಅಪಾಯಕಾರಿ ಕೆಲಸಗಳಿಂದ ಮಾತ್ರ ದೂರ ಇಡುತ್ತದೆ. ಒಂಬತ್ತನೇತ್ತೆಯ ಹುಡುಗಿ ಎರಡು ತಿಂಗಳು ಶಾಲೆಗೆ ಬರದಿದ್ದರೆ ಮುಖ್ಯೋಪಾಧ್ಯಾಯರು ಮನೆಗೆ ಹೋಗಿ ಕೇಳಿಕೊಳ್ಳಬಹುದು, ಅಷ್ಟೇ. ಅವರು ಹೋಗುತ್ತಾರೆ. ಚಹಾ ಕುಡಿಸಿ ಕಳಿಸುತ್ತಾರೆ.

ಹಾಗೆ ಚಹಾ ಕುಡಿದು ಬಂದ ಒಂದು ಮನೆಯ ಹುಡುಗಿ ತಂಡದ ಒಂಬತ್ತನೆಯವಳು. ಒಳ್ಳೆಯ ಆಟಗಾರ್ತಿ ಏನಲ್ಲ. ಕಂಬದ ಹತ್ತಿರ ಡೈವ್ ಹೊಡೆಯಲು ಹೆದರುತ್ತಿದ್ದಳು, ಖೋ ಕೊಡುವಾಗ ಮುಟ್ಟುವ ಮೊದಲೇ ಕೂಗಿ ಫೌಲ್ ಮಾಡುತ್ತಿದ್ದಳು. ಕ್ರಾಸಿಂಗಿಗೆ ಹೋಗಿ ಶಾಲೆ ಬಿಟ್ಟಿದ್ದಳು. ಅವಳನ್ನು ಕರೆತಂದವರು ಶಿಕ್ಷಕರಲ್ಲ, ಉಳಿದ ಎಂಟು ಹುಡುಗಿಯರು. ಹೊಲಕ್ಕೇ ಹೋಗಿ ನಿಂತರಂತೆ. ಆ ಸಂಜೆ ಮನೆಯಲ್ಲಿ ನಡೆದ ಮಾತನ್ನು ಅವಳ ತಾಯಿಯೇ ನನ್ನ ತಂಗಿಗೆ ಹೇಳಿದ್ದು: “ನಾ ಹೋಗಲಿಲ್ಲಂದ್ರ ಎಂಟ ಮಂದಿ ಆಗ್ತಾರ ಬೇ, ಆಟಾನ ಆಗಂಗಿಲ್ಲ ಅಂತ ಅತ್ತಳ್ರಿ. ಮಾರ್ಕ್ಸ್ ಬರಂಗಿಲ್ಲಂತ ಎಂದೂ ಅತ್ತಾಕಿ ಅಲ್ಲ ಆಕಿ.” ವಲಯ ಮಟ್ಟದ ಪಂದ್ಯದ ದಿನ ತಾಯಿಯೇ ಮಗಳ ಸಾಲು ಹಿಡಿದು ಕ್ರಾಸಿಂಗ್ ಮಾಡಿದಳು. ತಂಡ ಮೊದಲ ಪಂದ್ಯದಲ್ಲೇ ಸೋತು ಮಧ್ಯಾಹ್ನದ ಪಲಾವು ತಿಂದು ವಾಪಸು ಬಂತು. ಮರುದಿನ ಹುಡುಗಿ ಶಾಲೆಗೆ ಬಂದಳು. ಅದರ ಮರುದಿನವೂ.

ನನಗೆ ಈ ಶಾಲೆಯ ಬಗ್ಗೆ ಹೇಳಬೇಕು ಅನ್ನಿಸಿದ್ದು ಇದನ್ನೇ. ಪಠ್ಯೇತರ ಚಟುವಟಿಕೆ ಅಂದರೆ ಮಕ್ಕಳ ಪ್ರತಿಭೆ ಹೊರಗೆ ತರುವುದು ಅಂತ ಎಲ್ಲ ಸುತ್ತೋಲೆಗಳೂ ಬರೆಯುತ್ತವೆ. ಇರಬಹುದು. ಆದರೆ ನೂರು ಮಕ್ಕಳಿರದ ಶಾಲೆಯಲ್ಲಿ ಪ್ರತಿಭೆಯ ಪ್ರಶ್ನೆ ಏಳುವುದಕ್ಕೂ ಮೊದಲು ತಲೆಗಳ ಪ್ರಶ್ನೆ ಏಳುತ್ತದೆ. ಗಣಿತದ ತರಗತಿಯಲ್ಲಿ ಒಬ್ಬಳು ಇಲ್ಲದಿದ್ದರೆ ಹಾಜರಿಯಲ್ಲಿ ಒಂದು ಗೀಟು, ಪಾಠ ಮುಂದಕ್ಕೆ ಹೋಗುತ್ತದೆ. ಖೋಖೋದಲ್ಲಿ ಒಬ್ಬಳು ಇಲ್ಲದಿದ್ದರೆ ಎಂಟು ಮಂದಿಯ ಆಟ ನಿಲ್ಲುತ್ತದೆ. ತಾನಿಲ್ಲದೆ ಒಂದು ಕೆಲಸ ನಿಂತುಹೋಗುತ್ತದೆ ಅನ್ನುವ ಅನುಭವ ಹದಿನಾಲ್ಕು ವರ್ಷದ ಹುಡುಗಿಗೆ ಮನೆಯಲ್ಲಿ ಆಗಿರುತ್ತದೆ, ಹೊಲದಲ್ಲಂತೂ ದಿನವೂ ಆಗುತ್ತದೆ. ಶಾಲೆಯಲ್ಲಿ ಆಗುವುದು ಅಪರೂಪ. ಹೊಲದ ಎದುರು ಶಾಲೆ ಸೋಲುವುದು ಬಹುಶಃ ಅಲ್ಲೇ. ಕೂಲಿ ಇನ್ನೊಂದು ಕಾರಣ, ಅದನ್ನು ನಾನು ಸಣ್ಣದು ಮಾಡುತ್ತಿಲ್ಲ.

ಪ್ರತಿಭಾ ಕಾರಂಜಿಯಲ್ಲೂ ಇದೇ ಕಥೆ, ಸ್ವಲ್ಪ ಗದ್ದಲ ಹೆಚ್ಚು. ಕಂಠಪಾಠ, ಆಶುಭಾಷಣ, ರಂಗೋಲಿ, ಮಿಮಿಕ್ರಿ, ಭಾವಗೀತೆ, ಗಝಲ್, ರಸಪ್ರಶ್ನೆ, ಜಾನಪದ ನೃತ್ಯ ಅಂತ ಪಟ್ಟಿ ಉದ್ದ ಇದೆ. ಮಕ್ಕಳು ಕಡಿಮೆ, ಹಾಗಾಗಿ ರಂಗೋಲಿ ಹಾಕಿದವಳೇ ಕೈ ತೊಳೆದುಕೊಂಡು ಬಂದು ಗಝಲ್ ಹಾಡುತ್ತಾಳೆ. ಭಾಷಣಕ್ಕೆ ವಿಷಯ ಬೇಕಾದರೆ ಮೈಲಾರ ಮಹಾದೇವಪ್ಪ ಯಾವಾಗಲೂ ಇದ್ದಾರೆ. ಮೋಟೆಬೆನ್ನೂರಿನ ಹುಡುಗ, 1930ರಲ್ಲಿ ಗಾಂಧೀಜಿಯ ಜೊತೆ ದಂಡಿಗೆ ನಡೆದವರಲ್ಲಿ ಇದ್ದ ಕನ್ನಡಿಗ, 1943ರಲ್ಲಿ ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದಾಗ ವಯಸ್ಸು ಮೂವತ್ತೆರಡರ ಆಸುಪಾಸು. ಹೊಸರಿತ್ತಿ ನಮ್ಮ ಮಕ್ಕಳಿಗೆ ಬಸ್ಸಿನ ಬೋರ್ಡಿನಲ್ಲಿ ದಿನವೂ ಕಾಣುವ ಹೆಸರು. ಆದರೂ ಭಾಷಣ ಶುರುವಾಗುವುದು ‘ಭವ್ಯ ಭಾರತದ ಇತಿಹಾಸದ ಪುಟಗಳನ್ನು ತಿರುವಿ ಹಾಕಿದಾಗ’ ಅಂತಲೇ. ನನಗೆ ಈ ತಿರುವಿ ಹಾಕುವ ಪುಟಗಳ ಮೇಲೆ ಹಳೆಯ ಸಿಟ್ಟಿದೆ. ದಂಡಿಗೆ ಹೋದವನ ಊರು ಇಲ್ಲೇ ಹೆದ್ದಾರಿಯ ಮೇಲಿದೆ ಅಂತ ಶುರು ಮಾಡಿದರೆ ಕೇಳುವವರು ಕಿವಿ ನೆಟ್ಟಗೆ ಮಾಡುವುದಿಲ್ಲವೇ?

ಕವ್ವಾಲಿಯಲ್ಲಿ ನಮ್ಮವರ ಕೈ ಮೇಲು. ಸವಣೂರು ನವಾಬರ ಸೀಮೆಗೆ ನಾವು ದೂರದವರಲ್ಲ, ಮೊಹರಂನ ಅಲಾವಿ ಹಬ್ಬಕ್ಕೆ ಇಡೀ ಊರು ಹೆಜ್ಜೆ ಹಾಕುತ್ತದೆ, ರಿವಾಯತ್ ಪದ ಹಾಡುವವರಲ್ಲಿ ಲಿಂಗಾಯತರೂ ಕುರುಬರೂ ಇದ್ದಾರೆ. ಹಾಗಾಗಿ ಕವ್ವಾಲಿ ತಂಡದಲ್ಲಿ ಯಾರ್‍ಯಾರಿದ್ದಾರೆ ಅಂತ ಹೊರಗಿನವರು ಹೆಸರು ಕೇಳಿ ಹುಬ್ಬೇರಿಸುವಾಗ ಊರಿನವರಿಗೆ ಅದೇ ವಿಚಿತ್ರ. ತರಗತಿಯಲ್ಲಿ ಬಾಯಿ ಬಿಡದ ಒಬ್ಬ ಹುಡುಗ ಇದ್ದಾನೆ, ಸ್ವಲ್ಪ ತೊದಲು. ಹಾಡುವವರ ಹಿಂದೆ ಕೂತು ಚಪ್ಪಾಳೆ ಹಿಡಿಯುವುದು ಅವನ ಕೆಲಸ. ಕವ್ವಾಲಿಯ ಚಪ್ಪಾಳೆ ಸುಮ್ಮನೆ ತಟ್ಟುವುದಲ್ಲ. ಲಯ ಏರುವಾಗ ಹಾಡುಗಾರ ಓಡಿದರೆ ಚಪ್ಪಾಳೆಯವನು ಎಳೆದು ಹಿಡಿಯಬೇಕು. ಅವನು ಹಿಡಿಯುತ್ತಾನೆ. ತಾಲೂಕು ಮಟ್ಟದವರೆಗೆ ಹೋದರು.

ತಾಲೂಕು ಮಟ್ಟದಲ್ಲಿ ಏನಾಗುತ್ತದೆ ಅಂದರೆ ಪಟ್ಟಣದ ದೊಡ್ಡ ಖಾಸಗಿ ಶಾಲೆಗಳು ಬರುತ್ತವೆ. ಅವರ ಜಾನಪದ ನೃತ್ಯಕ್ಕೆ ಹುಬ್ಬಳ್ಳಿಯಿಂದ ಬಾಡಿಗೆಗೆ ತಂದ ವೇಷ, ನೃತ್ಯ ಕಲಿಸಲು ದುಡ್ಡು ಕೊಟ್ಟು ಕರೆಸಿದ ಮಾಸ್ತರರು, ಪೆನ್‌ಡ್ರೈವಿನಲ್ಲಿ ಹಾಡು. ನಮ್ಮ ಹುಡುಗರದು ಊರಿನ ಡೊಳ್ಳು, ಅಪ್ಪಂದಿರ ಧೋತರ. ಒಮ್ಮೆ ತೀರ್ಪುಗಾರರೊಬ್ಬರು ‘ವೇಷಭೂಷಣ ಇನ್ನೂ ಜಾನಪದ ಆಗಬೇಕಿತ್ತು’ ಅಂತ ಷರಾ ಬರೆದರು. ಧೋತರ ಉಟ್ಟು ದಿನಾ ಕುರಿ ಕಾಯುವವರ ಮಗ ಅದನ್ನು ಓದಿ ನಕ್ಕ. ನನಗೆ ನಗು ಬರಲಿಲ್ಲ. ನಾಟಕದ ಬಗ್ಗೆ ಮಾತ್ರ ನಮ್ಮ ಜಿಲ್ಲೆಗೆ ಯಾರೂ ಪಾಠ ಹೇಳುವ ಹಾಗಿಲ್ಲ: ಹಾನಗಲ್ ತಾಲೂಕಿನ ಶೇಷಗಿರಿಯಂಥ ಸಣ್ಣ ಹಳ್ಳಿ ತನ್ನದೇ ರಂಗಮಂದಿರ ಕಟ್ಟಿಕೊಂಡು ನಾಟಕ ಆಡುತ್ತದೆ. ನಮ್ಮ ಶಾಲೆಯ ಗ್ಯಾದರಿಂಗಿಗೆ, ಅಂದರೆ ವಾರ್ಷಿಕೋತ್ಸವಕ್ಕೆ, ಊರಿನ ನಾಟಕ ಮಾಸ್ತರರೇ ಬಂದು ಸೀನರಿ ಕಟ್ಟಿಕೊಡುತ್ತಾರೆ. ಗ್ಯಾದರಿಂಗ್ ಬಗ್ಗೆ ಬೇರೆಯೇ ಬರೆಯಬೇಕು, ಇಲ್ಲಿ ಬೇಡ.

ಇಕೋ ಕ್ಲಬ್ಬಿನ ಕಥೆಗೆ ಸ್ವಲ್ಪ ಜಾಗ ಬೇಕು. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ 1974ರಲ್ಲಿ ಘೋಷಣೆಯಾದದ್ದು, 119 ಚದರ ಕಿಲೋಮೀಟರು. ಗಡಿ ಇರುವುದು ನಕ್ಷೆಯಲ್ಲಿ. ಕೃಷ್ಣಮೃಗಗಳು ಜಿಲ್ಲೆಯ ಬಯಲಲ್ಲೆಲ್ಲ ಅಡ್ಡಾಡುತ್ತವೆ. ಬಿತ್ತಿದ ಗೋವಿನಜೋಳ ಮೊಳಕೆಯೊಡೆದು ಗೇಣುದ್ದ ಆಗುವ ಹೊತ್ತಿಗೆ ಹಿಂಡು ಬಂದು ಮೇಯುತ್ತದೆ. ಹೊಲದ ಸುತ್ತ ಹಳೆಯ ಸೀರೆ ಕಟ್ಟುವುದು ನಮ್ಮ ಕಡೆಯ ಬೇಲಿ. ದಾರಿಯಲ್ಲಿ ಹೋಗುವಾಗ ಯಾರ ಮನೆಯ ಸೀರೆ ಅಂತ ಗುರುತು ಹಿಡಿಯಬಹುದು. ಅಕ್ಟೋಬರಿನ ವನ್ಯಜೀವಿ ಸಪ್ತಾಹಕ್ಕೆ ‘ಕೃಷ್ಣಮೃಗ ನಮ್ಮ ಹೆಮ್ಮೆ’ ಅನ್ನುವ ಧಾಟಿಯ ಪ್ರಬಂಧ ಸ್ಪರ್ಧೆ ಇಟ್ಟರು. ಮಕ್ಕಳೆಲ್ಲ ಹೆಮ್ಮೆ ಪಟ್ಟರು, ಒಬ್ಬ ಹುಡುಗನ ಹೊರತು. ಅವನು ಬರೆದದ್ದು ಒಂದೇ ಪುಟ. ನಮ್ಮ ಅಪ್ಪ ರಾತ್ರಿ ಹೊಲದಲ್ಲಿ ತಾಟು ಬಡಿಯುತ್ತ ಕೂರುತ್ತಾನೆ, ಎರಡನೇ ಸಲ ಬಿತ್ತಿದ ಬೀಜದ ಸಾಲ ಇನ್ನೂ ತೀರಿಲ್ಲ, ಹೆಮ್ಮೆ ಯಾರಿಗೆ ಅಂತ.

ಬಹುಮಾನ ಬರಲಿಲ್ಲ. ಆದರೆ ಸಿಬಿಝಡ್ ಮೇಡಂ ಆ ಪುಟವನ್ನು ಬಿಡಲಿಲ್ಲ. ಅವನನ್ನೇ ಮುಂದಿಟ್ಟುಕೊಂಡು ಮಕ್ಕಳಿಗೆ ಕೆಲಸ ಹಂಚಿದರು: ಯಾರ ಹೊಲಕ್ಕೆ, ಬೆಳೆ ಎಷ್ಟು ದಿನದ್ದಾಗಿದ್ದಾಗ, ಯಾವ ಹೊತ್ತಿಗೆ, ಎಷ್ಟು ಬಂದವು. ಡ್ರಾಯಿಂಗ್ ಹಾಳೆಯ ಮೇಲೆ ಊರಿನ ಸೀಮೆ ಬರೆದು ಚುಕ್ಕೆ ಇಟ್ಟರು. ಇಲ್ಲಿಯೂ ಮತ್ತೆ ಅದೇ ಲೆಕ್ಕ. ಊರಿನ ನಾಲ್ಕೂ ದಿಕ್ಕಿನ ಹೊಲದವರ ಮಕ್ಕಳು ಬೇಕು, ಒಂದು ದಿಕ್ಕಿನವನು ತಪ್ಪಿದರೆ ನಕ್ಷೆಯಲ್ಲಿ ಒಂದು ಮೂಲೆ ಖಾಲಿ. ಓದಿನಲ್ಲಿ ಹಿಂದೆ ಇರುವವನು ಅಂತ ಕೂರಿಸಿದ್ದ ಹಿಂದಿನ ಬೆಂಚಿನವನ ಹೊಲವೇ ಹಿಂಡು ಊರಿಗೆ ಬರುವ ದಾರಿಯಲ್ಲಿತ್ತು. ಅವನೇ ಎಲ್ಲರಿಗಿಂತ ದೊಡ್ಡ ಸಾಕ್ಷಿ ಆದ. ಹಳ್ಳದ ಪಕ್ಕದ ಗೋಮಾಳದಲ್ಲಿ ಹುಲ್ಲು ಉಳಿದ ಕಡೆ ಹಿಂಡು ನಿಲ್ಲುತ್ತದೆ, ಅದನ್ನು ಉತ್ತು ಒತ್ತುವರಿ ಮಾಡಿದ ಕಡೆ ನೇರ ಬೆಳೆಗೆ ನುಗ್ಗುತ್ತದೆ ಅನ್ನುವುದು ಅವರಿಗೇ ಕಂಡಿತು. ಒತ್ತುವರಿ ಮಾಡಿದವರು ಯಾರ ಅಪ್ಪ ಅನ್ನುವುದೂ ಕಂಡಿತು, ಮೇಡಂ ಆ ಹಾಳೆಯನ್ನು ಸುರುಳಿ ಸುತ್ತಿ ಕಪಾಟಿನ ಮೇಲೆ ಇಟ್ಟರು. ಅದರಿಂದಲೇ ಹುಟ್ಟಿದ ಒಂದು ಐಡಿಯಾವನ್ನು ಶಾಲಾ ಮಕ್ಕಳ ವಿಜ್ಞಾನದ ಐಡಿಯಾಗಳಿಗೆ ಕೇಂದ್ರ ಸರಕಾರ ಕೊಡುವ ಇನ್‌ಸ್ಪೈರ್ ಅವಾರ್ಡಿಗೆ ಕಳಿಸಿದ್ದಾರೆ. ಆಯ್ಕೆಯಾದರೆ ಮಾದರಿ ಮಾಡಲು 10,000 ರೂಪಾಯಿ ಮಗುವಿನ ಖಾತೆಗೇ ಬರುತ್ತದೆ. ಏನು ಐಡಿಯಾ ಅಂತ ಹುಡುಗರು ನನಗೆ ಹೇಳಲಿಲ್ಲ. ಕದಿಯುತ್ತಾರೆ ಅನ್ನುವ ಭಯ.

ಉಳಿದವನ್ನು ಬೇಗ ಹೇಳಿ ಮುಗಿಸುತ್ತೇನೆ. ಶಾಲಾ ಸಂಸತ್ತಿನ ಚುನಾವಣೆ ಮೊಬೈಲ್ ಆ್ಯಪಿನಲ್ಲಿ ನಡೆಯುತ್ತದೆ, ಬೆರಳಿಗೆ ಮಾರ್ಕರ್ ಪೆನ್ನಿನ ಶಾಯಿ. ಆರೋಗ್ಯ ಮಂತ್ರಿಯ ಕಿಸೆಯಲ್ಲಿ ಉಗುರು ಕತ್ತರಿಸುವ ಕತ್ತರಿ. ಆಹಾರ ಮಂತ್ರಿಯದು ನಿಜಕ್ಕೂ ಭಾರದ ಖಾತೆ, 2024ರಿಂದ ವಾರಕ್ಕೆ ಆರು ದಿನ ಮೊಟ್ಟೆ, ತಿನ್ನದವರಿಗೆ ಬಾಳೆಹಣ್ಣು. ಯಾರು ಯಾವುದರ ಪಟ್ಟಿಯಲ್ಲಿದ್ದಾರೆ, ಯಾರು ಮನೆಗೆ ಗೊತ್ತಾಗದಂತೆ ಪಟ್ಟಿ ಬದಲಿಸಿದ್ದಾರೆ ಎಲ್ಲವೂ ಅವಳ ಹೊಟ್ಟೆಯಲ್ಲಿ. ಆಗಸ್ಟ್ ಹದಿನೈದರ ಧ್ವಜ ಹುಬ್ಬಳ್ಳಿಯ ಬೆಂಗೇರಿಯದು, ಅಲ್ಲಿನ ಖಾದಿ ಸಂಘದಲ್ಲಿ ಹೊಲಿದದ್ದು. 2021ರ ಡಿಸೆಂಬರಿನಲ್ಲಿ ಧ್ವಜ ಸಂಹಿತೆ ತಿದ್ದಿ ಪಾಲಿಯೆಸ್ಟರಿಗೂ ಅವಕಾಶ ಕೊಟ್ಟ ಮೇಲೆ ಅಗ್ಗದ ಧ್ವಜ ಎಲ್ಲೆಲ್ಲೂ ಬಂದವು. ನಮ್ಮ ಶಾಲೆಯವರು ಖಾದಿ ಬಿಟ್ಟಿಲ್ಲ. ಹಗ್ಗ ಎಳೆದರೆ ಬಿಚ್ಚಿಕೊಂಡು ಹೂವು ಉದುರುವ ಹಾಗೆ ಅದನ್ನು ಮಡಚುವ ವಿದ್ಯೆ ಸೇವಾದಳದ ಒಬ್ಬನಿಗೋ ಒಬ್ಬಳಿಗೋ ಗೊತ್ತಿರುತ್ತದೆ. ಹತ್ತನೇತ್ತೆ ಮುಗಿಸಿ ಹೋಗುವ ಮೊದಲು ಒಂಬತ್ತನೇತ್ತೆಯ ಒಬ್ಬರಿಗೆ ಕಲಿಸಿ ಹೋಗಬೇಕು ಅನ್ನುವುದು ಯಾರೂ ಬರೆದಿಡದ ನಿಯಮ.

ಇದೆಲ್ಲ ಡಿಸೆಂಬರಿನವರೆಗೆ. ಆಮೇಲೆ ಎಸ್‌ಎಸ್‌ಎಲ್‌ಸಿ. ರಾಜ್ಯದ ಫಲಿತಾಂಶ 2023ರಲ್ಲಿ ಶೇ 83.89 ಇತ್ತು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಬಂದು ವೆಬ್‌ಕಾಸ್ಟಿಂಗ್ ಶುರುವಾಯಿತು, ಕೃಪಾಂಕ ಹೆಚ್ಚಿಸಿದರೂ ಶೇ 73.40ಕ್ಕೆ ಬಂತು. 2025ರ ಮೊದಲ ಪರೀಕ್ಷೆಯಲ್ಲಿ ಶೇ 62.34. ಮೇಲಿನಿಂದ ಕೆಳಗಿನವರೆಗೆ ಎಲ್ಲರಿಗೂ ಬಿಸಿ ಮುಟ್ಟಿತು. ಬೆಳಿಗ್ಗೆ ವಿಶೇಷ ತರಗತಿ, ಸಂಜೆ ಗುಂಪು ಓದು, ಪಾಸಾಗಲು ಬೇಕಾದಷ್ಟನ್ನೇ ಓದಿಸುವ ಪಾಸಿಂಗ್ ಪ್ಯಾಕೇಜು. ಆಟದ ಪೀರಿಯಡ್ಡು ವೇಳಾಪಟ್ಟಿಯಲ್ಲಿ ಇರುತ್ತದೆ, ಮೈದಾನದಲ್ಲಿ ಇರುವುದಿಲ್ಲ. ಮೂವತ್ತು ಮಕ್ಕಳು ಪರೀಕ್ಷೆಗೆ ಕೂರುವ ಶಾಲೆಯಲ್ಲಿ ಒಂದು ಮಗು ಫೇಲಾದರೆ ಶೇಕಡಾ ಮೂರಕ್ಕಿಂತ ಹೆಚ್ಚು ಕುಸಿತ. ಹಾಗಾಗಿ ಅಲ್ಲಿಯೂ ಪ್ರತಿಯೊಬ್ಬರೂ ಬೇಕು. ಆದರೆ ಈ ಬೇಕಾಗುವಿಕೆಯಲ್ಲಿ ಮಗುವಿಗೆ ಸಿಗುವುದು ಭಯ: ನಿನ್ನಿಂದ ಶಾಲೆಯ ಹೆಸರು ಕೆಡುತ್ತದೆ ಅನ್ನುವ ಮಾತು. ಖೋಖೋದಲ್ಲಿ ಫೌಲ್ ಮಾಡುವ ಹುಡುಗಿಗೂ ಎಂಟು ಮಂದಿ ಜೊತೆಗಿರುತ್ತಾರೆ. ಗಣಿತದ ಪತ್ರಿಕೆಯ ಎದುರು ಅವಳು ಒಬ್ಬಳೇ. ಓದಿಸುವುದು ಬೇಡ ಅಂತ ನಾನು ಹೇಳುತ್ತಿಲ್ಲ. ಪಿಸಿಎಂ ಸರ್ ರಾತ್ರಿ ಮನೆಮನೆಗೆ ಹೋಗಿ ಓದುತ್ತಿದ್ದಾರೋ ಇಲ್ಲವೋ ನೋಡಿ ಬರುವುದನ್ನು ಕಂಡವನು ನಾನು. ಆದರೆ ಹೊಲದಿಂದ ಹುಡುಗಿಯನ್ನು ಕರೆತಂದದ್ದು ಪಾಸಿಂಗ್ ಪ್ಯಾಕೇಜು ಅಲ್ಲ ಅನ್ನುವುದನ್ನು ಸಭೆಯಲ್ಲಿ ಯಾರೂ ಹೇಳುವುದಿಲ್ಲ. ಆ ಮಾಹಿತಿ ತುಂಬಲು ಯಾವ ಫಾರ್ಮಿನಲ್ಲೂ ಕಾಲಂ ಇಲ್ಲ.

ಈಗ ಊರಿನಲ್ಲಿ ಇನ್ನೊಂದು ಮಾತು. ಎಲ್‌ಕೆಜಿಯಿಂದ ಪಿಯುಸಿವರೆಗೆ ಒಂದೇ ಆವರಣದಲ್ಲಿರುವ ಕರ್ನಾಟಕ ಪಬ್ಲಿಕ್ ಶಾಲೆಗಳು ಬರುತ್ತಿವೆ, ಸುತ್ತಲಿನ ಸಣ್ಣ ಶಾಲೆಗಳು ಅದರಲ್ಲಿ ಸೇರಿಹೋಗುತ್ತವೆ ಅಂತ. ಹಾಗೆ ಆದರೆ ಪಿಟಿ ಮಾಸ್ತರರು ಸಿಗುತ್ತಾರೆ, ಪ್ರಯೋಗಾಲಯ, ಸರಿಯಾದ ಮೈದಾನ, ಬಸ್ಸು ಸಿಗಬಹುದು. ಸಣ್ಣ ಶಾಲೆ ಅಂದ ಮಾತ್ರಕ್ಕೆ ಪವಿತ್ರ ಅನ್ನುವವನು ನಾನಲ್ಲ. ಶಿಕ್ಷಕರಿಲ್ಲದ ವಿಷಯವನ್ನು ಮಕ್ಕಳು ವರ್ಷಗಟ್ಟಲೆ ಗೈಡ್ ನೋಡಿ ಕಲಿಯುವುದು ಚಂದದ ಸಂಗತಿಯಲ್ಲ. ನನ್ನ ತಂಗಿಗೆ ಈ ಚರ್ಚೆಯಲ್ಲಿ ಆಸಕ್ತಿ ಕಡಿಮೆ. ಅವಳದು ಮುಂದಿನ ಜೂನಿನ ಚಿಂತೆ. ಈ ವರ್ಷದ ತಂಡದಲ್ಲಿ ನಾಲ್ವರು ಹತ್ತನೇತ್ತೆ ಮುಗಿಸುತ್ತಾರೆ, ಉಳಿಯುವವರು ಐದು. ಹಾಗಾಗಿ ರಸ್ತೆಯಾಚೆಯ ಪ್ರಾಥಮಿಕ ಶಾಲೆಗೆ ಹೋಗಿ ಏಳನೇತ್ತೆಯ ಹುಡುಗಿಯರು ಹೇಗೆ ಓಡುತ್ತಾರೆ ಅಂತ ನೋಡುತ್ತ ನಿಲ್ಲುತ್ತಾಳೆ. ಹೋದ ಸಲ ನಾನೂ ಜೊತೆಗಿದ್ದೆ. ಒಬ್ಬಳು ಸಣಕಲು ಹುಡುಗಿ ಹಿಡಿಯಲು ಬಂದವರನ್ನೆಲ್ಲ ತಪ್ಪಿಸಿಕೊಂಡು ಓಡುತ್ತಿದ್ದಳು. ಅವಳ ತಾಯಿ ಅಲ್ಲೇ ಬಿಸಿಯೂಟದ ಅಡಿಗೆಯವಳು.

“ಓಡತಾಳ ಖರೆ ಅಕ್ಕೋರ, ಆದ್ರ ಎಂಟನೇತ್ತಿಗೆ ಹಾವೇರ್‍ಯಾಗ ಹಾಕೋಣು ಅಂತಾರ ಇವರಪ್ಪ” ಅಂದಳು ಆಕೆ.

“ಹಾಕ್ರಿ, ಬ್ಯಾಡ ಅನ್ನಂಗಿಲ್ಲ” ಅಂದಳು ತಂಗಿ. “ಎಡ್ಮಿಶನ್ ಆಗೂತನಕಾ ಸಂಜೀಮುಂದ ನಮ್ಮ ಹುಡುಗ್ಯಾರ ಜೋಡಿ ಆಡಾಕ ಕಳಸ್ರಿ. ಆಮ್ಯಾಲೆ ಅವರಪ್ಪಗ ಆಕೀನ ಹೇಳ್ತಾಳ.”